ಚಾವಡಿಗೆ ಕೊಟ್ಟ ಎಲೆ ಅಡಿಕೆ

ಚಾಕಣದ ಆ ಕಾರ್ಖಾನೆಯಲ್ಲಿ ಊಟದ ಬಿಡುವು ಅರ್ಧ ತಾಸು. ಅಂಬಾರಾಯ ಹತ್ತು ನಿಮಿಷದಲ್ಲಿ ರೊಟ್ಟಿ ಮುಗಿಸಿ, ಉಳಿದ ಇಪ್ಪತ್ತು ನಿಮಿಷ ಗೋಡೆಗೆ ಬೆನ್ನು ಕೊಟ್ಟು ಕೂತು ಮೊಬೈಲಿನಲ್ಲಿ ‘ವಿಜ್ಞಾನ ಚಾವಡಿ’ ಓದುತ್ತಿದ್ದ. ಪಕ್ಕದಲ್ಲಿ ಕೂತವರು ರೀಲು ನೋಡಿ ನಗುತ್ತಿದ್ದರೆ ಇವನು ತುಟಿ ಅಲ್ಲಾಡಿಸುತ್ತ, ಹೆಬ್ಬೆರಳಿನಿಂದ ಸಾಲುಗಳನ್ನು ಮೇಲೆ ತಳ್ಳುತ್ತ, ಚಂದ್ರನ ಮೇಲಿನ ಮಂಜುಗಡ್ಡೆಯ ವಿಷಯವನ್ನೋ, ಸುಳ್ಳು ಸುದ್ದಿಯನ್ನು ಮೊದಲು ಹಬ್ಬಿಸಿದವನು ಯಾರೆಂದು ಸರ್ಕಾರಕ್ಕೆ ಹೇಳಬೇಕೋ ಬೇಡವೋ ಎಂಬ ಜಗಳವನ್ನೋ ಓದುತ್ತಿದ್ದ. ಶಹಾಪುರದ ಕಡೆಯ ಹಳ್ಳಿಯವನು. ಹತ್ತನೇ ಇಯತ್ತೆ ಮುಗಿಸಿ, ಅಪ್ಪನ ಹಿಂದೆ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದು, ನಾಕು ವರ್ಷ ಇಟ್ಟಂಗಿ ಹೊತ್ತು, ಆಮೇಲೆ ಯಂತ್ರದ ಕೆಲಸಕ್ಕೆ ಹತ್ತಿದವನು. ಓದುವ ಚಟ ಮಾತ್ರ ಬಿಟ್ಟಿರಲಿಲ್ಲ. ದುಡಿದು ಬಂದ ಎತ್ತು ನೀರಿಗೆ ಬಾಯಿ ಹಾಕಿದ ಹಾಗೆ, ಅವಸರವಿಲ್ಲದೆ, ತಲೆ ಎತ್ತದೆ ಓದುತ್ತಿದ್ದ.

ಚಾವಡಿ ಎಂದರೆ ಪುಣೆಯ ಕನ್ನಡಿಗರ ಒಂದು ವಾಟ್ಸಾಪ್ ಗುಂಪು. ಮುನ್ನೂರಕ್ಕೂ ಮೇಲೆ ಮಂದಿ. ಕಟ್ಟಿದವರು ಶಿವರುದ್ರಪ್ಪನವರು. ಖಡಕಿಯ ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತನಾಕು ವರ್ಷ ಅಳೆದು ನೋಡುವ ಕೆಲಸ ಮಾಡಿ ನಿವೃತ್ತರಾದವರು. ಕೈಯಲ್ಲಿ ಮಾಪಕ ಇಲ್ಲವಾದ ಮೇಲೆ ಮಂದಿಯ ಮಾತು ಅಳೆಯಲು ಹಿಡಿದರು. ಆಧಾರವಿಲ್ಲದ ಮಾತು ಚಾವಡಿಯೊಳಗೆ ಬರಬಾರದು ಎಂಬುದು ಅವರ ಮೊದಲ ನಿಯಮ. ಬಂದರೆ, ತಂದವನು ‘ನನ್ನದು ತಪ್ಪಾಯಿತು’ ಎಂದು ಬರೆದು, ಕೆಳಗೆ ಎಲೆ ಅಡಿಕೆಯ ಚಿತ್ರ ಹಾಕಬೇಕು. ಬೈಲಹೊಂಗಲದ ಕಡೆಯ ಅವರ ಊರಲ್ಲಿ, ತಪ್ಪು ಮಾಡಿದವನು ಚಾವಡಿಗೆ ಬಂದು ಕೂತವರಿಗೆಲ್ಲ ಎಲೆ ಅಡಿಕೆ ಹಂಚಿ ಕೈ ಮುಗಿದು ಹೋಗುತ್ತಿದ್ದನಂತೆ. ಆ ರೂಢಿಯನ್ನೇ ಅವರು ಮೊಬೈಲಿಗೆ ತಂದಿದ್ದರು. ಸೂರ್ಯನಿಂದ ಬಿರುಗಾಳಿ ಬಂದು ಇಂಟರ್ನೆಟ್ ಮೂರು ದಿನ ಬಂದ್ ಆಗತದ ಎಂದು ಹಾಕಿದ ಬಟ್ಟೆ ವ್ಯಾಪಾರಿ, ಮೈಕ್ರೋವೇವಿನಲ್ಲಿ ಬೆಂದ ಅನ್ನ ವಿಷ ಎಂದ ಬ್ಯಾಂಕಿನ ಕ್ಯಾಶಿಯರು, ಎಲ್ಲರೂ ಎಲೆ ಅಡಿಕೆ ಹಾಕಿದವರೇ. ಹಾಕಿದ ದಿನ ಗುಂಪಿಗೆ ಹಬ್ಬ.

ಅಂಬಾರಾಯ ಆ ಗುಂಪಿನಲ್ಲಿ ಎರಡು ವರ್ಷ ಓದಿದ, ಬರೆದದ್ದು ಕಡಿಮೆ. ಮೂರು ತಿಂಗಳ ಹಿಂದೆ ಒಮ್ಮೆ ಬರೆದ. ಶಿವರುದ್ರಪ್ಪನವರು ಲೇಸರ್ ಕುರಿತು ಉದ್ದನ್ನ ಲೇಖನ ಹಾಕಿದ್ದರು. ಅದರಲ್ಲಿ ಒಂದು ಕಡೆ, ತಾಮ್ರ ಮೆದು ಲೋಹ, ಆದ್ದರಿಂದ ಲೇಸರಿಗೆ ಕಬ್ಬಿಣಕ್ಕಿಂತ ಬೇಗ ತುಂಡಾಗುತ್ತದೆ ಎಂದಿತ್ತು. ಅಂಬಾರಾಯ ಅದನ್ನು ಮೂರು ಸಲ ಓದಿದ. ಆಮೇಲೆ ಕೆಳಗೆ ಬರೆದ.

“ಸರ್, ಸಣ್ಣ ಬಾಯಾಗ ದೊಡ್ಡ ಮಾತು. ನಾ ಮೊದಲು ಭೋಸರಿಯಾಗ ಲೇಸರ್ ಕಟಿಂಗ್ ಮಾಡೋ ವರ್ಕಶಾಪಿನಾಗ ಇದ್ದೆ. ತಾಮ್ರ ಬೆಳಕು ವಾಪಸ್ ಒಗೀತದ್ರಿ. ಒಮ್ಮೆ ಹಂಗ ಒಗೆದು ಮಷೀನಿನ ಗ್ಲಾಸೇ ಸುಟ್ಟಿತ್ತು. ಕಬ್ಬಿಣ ಲಗೂ ತುಂಡ ಆಗತದ, ತಾಮ್ರ ಆಗಲ್ರಿ.”

ವಿಮಾನ ನಗರದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ರೋಹಿತ ಎಂಬುವನು ಹುಡುಕಿ ನೋಡಿದ. ಬೆಂಗಳೂರಿನವನು, ಗುಂಪಿನಲ್ಲಿ ಶಿವರುದ್ರಪ್ಪನವರ ಬಲಗೈ ಇದ್ದಂತೆ. ಅವನೇ ಬರೆದ: “ಸರ್, ಅಂಬಾರಾಯ ಅವರು ಹೇಳಿದ್ದು ಕರೆಕ್ಟ್. ರೂಲ್ ಅಂದ್ರೆ ರೂಲ್. ಎಲೆ ಅಡಿಕೆ ಎಲ್ಲಿ ಸರ್?” ಅದರ ಕೆಳಗೆ ನಗುವ ಮುಖಗಳು ಸಾಲಾಗಿ ಬಂದವು. ಅರ್ಧ ತಾಸಿನ ಮೇಲೆ ಶಿವರುದ್ರಪ್ಪನವರು ಎಲೆ ಅಡಿಕೆಯ ಚಿತ್ರ ಹಾಕಿ, ‘ಆಪರೇಟರ್ ಅಂಬಾರಾಯರಿಗೆ ಶರಣು’ ಎಂದು ಬರೆದರು. ಮತ್ತಷ್ಟು ನಗು ಬಂತು.

ಆ ಮಧ್ಯಾಹ್ನ ಶಿವರುದ್ರಪ್ಪನವರು ಊಟಕ್ಕೆ ಕೂತಾಗ ಅವರ ಹೆಂಡತಿ ಸಾವಂತ್ರವ್ವ, “ಯಾಕ, ಸಾರು ಖಾರ ಆಗೇತೇನು?” ಎಂದು ಕೇಳಿದಳು. “ಏನಿಲ್ಲ” ಎಂದರು. ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಉಳಿಯಿತು.

ಇದು ಮೂರು ತಿಂಗಳ ಹಿಂದಿನ ಮಾತು. ಅಂಬಾರಾಯ ಅದನ್ನು ಮರೆತಿದ್ದ.

ಅವನ ಹೆಂಡತಿ ಮಾನಮ್ಮನ ತಮ್ಮ ಬಾಬು. ಇಪ್ಪತ್ತಾರರ ಗಂಡು, ಅದೇ ಕಾರ್ಖಾನೆಯಲ್ಲಿ ಹನ್ನೊಂದನೇ ನಂಬರ್ ಪ್ರೆಸ್ಸಿನ ಮೇಲೆ ದುಡಿಯುತ್ತಿದ್ದ. ಅಲ್ಲಿಗೆ ಸೇರಿಸಿದವನು ಅಂಬಾರಾಯನೇ. ಪ್ರೆಸ್ಸೆಂದರೆ ದೊಡ್ಡ ಒರಳು ಇದ್ದಂತೆ. ಕೆಳಗೆ ಅಚ್ಚು, ಮೇಲೆ ಒನಕೆ. ತಗಡನ್ನು ಒಳಗಿಟ್ಟು ಕೈ ಹಿಂದೆ ತೆಗೆದರೆ ಒನಕೆ ಬೀಳುತ್ತದೆ, ತಗಡು ಕಾರಿನ ಯಾವುದೋ ಅಂಗವಾಗಿ ಹೊರಗೆ ಬರುತ್ತದೆ. ಕೈ ಒಳಗೇ ಉಳಿದರೆ ಒನಕೆ ಬೀಳಬಾರದು. ಅದಕ್ಕಾಗಿ ಪ್ರೆಸ್ಸಿನ ಬಾಯಿಯ ಎಡಬಲಕ್ಕೆ ಎರಡು ಕಂಬ. ಒಂದು ಕಂಬದಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಬೆಳಕು ಹಾಯುತ್ತಿರುತ್ತದೆ. ಕೈ ಅಡ್ಡ ಬಂದರೆ ಬೆಳಕು ಕಡಿಯುತ್ತದೆ, ಯಂತ್ರ ನಿಲ್ಲುತ್ತದೆ. ಕೆಲಸದವರು ಅದಕ್ಕೆ ಕಣ್ಣು ಎನ್ನುತ್ತಿದ್ದರು.

ಒಂದು ದಿನ ಹನ್ನೊಂದನೇ ನಂಬರಿನ ಕಣ್ಣು ಬಾಬುವಿನ ಬಲಗೈಯನ್ನು ಕಾಣಲಿಲ್ಲ. ಎರಡು ಬೆರಳು ಬುಡದಿಂದ ಹೋದವು, ಮೂರನೆಯದು ಅರ್ಧ.

ಮಾರನೇ ದಿನ ಕಂಪನಿಯವರು ಕೋಲು ಹಿಡಿದು ಕಣ್ಣನ್ನು ಪರೀಕ್ಷೆ ಮಾಡಿದರು. ಕೋಲು ಅಡ್ಡ ಹಿಡಿದಾಗಲೆಲ್ಲ ಯಂತ್ರ ನಿಂತಿತು. ಹಾಗಾದರೆ, ಬಾಬು ಮಾಲು ಬೇಗ ತೆಗೆಯುವ ಸಲುವಾಗಿ ತಾನೇ ಏನೋ ಮಾಡಿ ಕಣ್ಣು ಕಟ್ಟಿದ್ದ ಎಂದು ಬರೆದರು. ಅವನ ಕೈಗೆ ಒಂದು ಕಾಗದ ಬಂತು. ಮುಂದಿನ ವಾರ ಶುಕ್ರವಾರ ವಿಚಾರಣೆ. ತಪ್ಪು ಅವನದೆಂದು ಆದರೆ ಗೇಟಿನ ಹೊರಗೆ. ತಪ್ಪು ಅವನದಲ್ಲವೆಂದು ಆದರೆ ಪ್ಯಾಕಿಂಗಿನಲ್ಲಿ ಹಗುರ ಕೆಲಸ. ಎರಡೂವರೆ ಬೆರಳು ಉಳಿದ ಬಲಗೈಗೆ ಚಾಕಣದ ಬೇರಾವ ಗೇಟಿನಲ್ಲೂ ಕೆಲಸ ಸಿಗದು ಎಂಬುದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು.

ಅಂಬಾರಾಯನಿಗೆ ಕಾರಣ ಗೊತ್ತಿತ್ತು. ಹೊಸ ಮಾಲು ಬಂದಿತ್ತು, ಕನ್ನಡಿಯಂತೆ ಹೊಳೆಯುವ ಸ್ಟೀಲ್ ತಗಡು. ಬಾಗಿ ಎತ್ತಿಕೊಳ್ಳಲು ಹತ್ತಿರವಾಗಲಿ ಎಂದು ಅದರ ಥಪ್ಪಿಯನ್ನು, ಒಂದರ ಮೇಲೊಂದು ಪೇರಿಸಿ, ಪ್ರೆಸ್ಸಿನ ಬಾಯಿಗೇ ಹಚ್ಚಿ ಇಟ್ಟಿದ್ದರು. ಕಂಬದಿಂದ ಹೊರಟ ಬೆಳಕು ಥಪ್ಪಿಗೆ ಬಡಿದು, ಕೈಯನ್ನು ಸುತ್ತು ಹಾಕಿ, ಆಚೆ ಕಂಬಕ್ಕೆ ಮುಟ್ಟಿತ್ತು. ಕಣ್ಣಿಗೆ ಕೈ ಇದ್ದದ್ದೇ ತಿಳಿಯಲಿಲ್ಲ. ಕೋಲು ಹಿಡಿದು ಪರೀಕ್ಷೆ ಮಾಡುವ ಹೊತ್ತಿಗೆ ಥಪ್ಪಿ ಅಲ್ಲಿರಲಿಲ್ಲ. ರಕ್ತ ಬಿದ್ದ ತಗಡೆಂದು ಒಯ್ದು ಒಗೆದಿದ್ದರು.

ಅವನು ಕೆಲಸಗಾರರ ವಿಷಯ ನೋಡುವ ಆಫೀಸಿಗೆ ಹೋಗಿ ಅಲ್ಲಿನ ಅಧಿಕಾರಿ ಅಪ್ಪಾಸಾಹೇಬರ ಮುಂದೆ ಇದನ್ನೆಲ್ಲ ತನಗೆ ಬಂದ ಮರಾಠಿಯಲ್ಲಿ ಹೇಳಿದ. ಅಪ್ಪಾಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೇಳಿದರು. ಕಡೆಗೆ, “ತಜ್ಞಾಚಂ ಪತ್ರ ಆಣ” ಎಂದರು. ತಿಳಿದವರ ಪತ್ರ ತಾ. “ನೀನು ಹೇಳಿದರೆ ಅದು ಮಾತು. ಕಾರ್ಖಾನೆ ಕಂಡ ದೊಡ್ಡ ಮನುಷ್ಯ ಯಾರಾದರೂ, ಹೀಗಾಗಬಹುದು ಎಂದು ಸಹಿ ಹಾಕಿ ಬರೆದರೆ ಅದು ಕಾಗದ” ಎಂದೂ ಮರಾಠಿಯಲ್ಲೇ ಅಂದರು.

ಅಂಬಾರಾಯನಿಗೆ ತಿಳಿದ ದೊಡ್ಡ ಮನುಷ್ಯರು ಒಬ್ಬರೇ, ಶಿವರುದ್ರಪ್ಪನವರು.

ಸೀದಾ ಅವರಿಗೇ ಬರೆಯಬಹುದಿತ್ತು. ಆದರೆ ಹಿರಿಯರಿಗೆ ಸಂದಿಯಲ್ಲಿ ಹೋಗಿ ಕೇಳುವುದು ಸರಿಯಲ್ಲ, ನಾಕು ಮಂದಿಯ ನಡುವೆ ಇಟ್ಟರೆ ಮಾತಿಗೆ ತೂಕ ಎಂದುಕೊಂಡ. ಬಿಡುವಿನಲ್ಲಿ ಕೂತು ನಡೆದದ್ದನ್ನೆಲ್ಲ ಬರೆದು ಚಾವಡಿಗೆ ಹಾಕಿದ. ಕಂಪನಿಯ ಹೆಸರು ಬರೆಯಲಿಲ್ಲ. ಕೊನೆಗೆ, “ತಿಳಿದವರು ಹಿಂಗಾಗಬಹುದು ಅಂತ ಎರಡು ಸಾಲು ಬರೆದು ಕೊಟ್ರ ಒಂದು ಹುಡುಗನ ಅನ್ನ ಉಳೀತದ್ರಿ” ಎಂದು ಸೇರಿಸಿದ.

ಮೊದಲು ಬಂದವನು ರೋಹಿತ. “ಬೆಳಕು ನೇರವಾಗಿ ಹೋಗುತ್ತೆ, ಬೇಸಿಕ್ ಫಿಸಿಕ್ಸ್. ಈ ಥರ ಸೆನ್ಸರ್‌ಗಳಿಗೆ ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್ ಇರುತ್ತೆ. ಆಧಾರ ಏನಿದೆ ನಿಮ್ಮ ಹತ್ರ?”

“ನಾ ಕಣ್ಣಿಲೆ ನೋಡೀನ್ರಿ” ಎಂದು ಅಂಬಾರಾಯ ಬರೆದ.

“ಕಣ್ಣಿಗೆ ಕಾಣದ ಬೆಳಕು ಅಂತೀರಿ, ಕಣ್ಣಲ್ಲಿ ನೋಡಿದೆ ಅಂತೀರಿ” ಎಂದು ರೋಹಿತನಿಂದ ಬಂತು. ನಗುವ ಮುಖಗಳು ಹನ್ನೆರಡು.

ಬಟ್ಟೆ ವ್ಯಾಪಾರಿ ಬರೆದ: “ಅಂಬಾರಾಯರ ಪ್ರೆಸ್ಸಿಗೆ ಕಣ್ಣಾಗ ಪೊರೆ ಬಂದಿರಬೇಕು. ನಮ್ಮ ಸಮಾಜದ್ದು ಆಯಿತವಾರ ಫುಕಟ್ ಕ್ಯಾಂಪ್ ಅದ. ಕರಕೊಂಡು ಬರ್ರಿ.”

ಮಾಧುರಿ ಎಂಬ ಶಾಲಾ ಶಿಕ್ಷಕಿ ಒಬ್ಬರು, “ಕನ್ನಡಿ ಇಟ್ಟರ ಬೆಳಕು ತಿರಗತದಲ್ಲ? ಏಳನೇ ಇಯತ್ತೆ ಪಾಠದಾಗ ಅದ” ಎಂದು ಹಾಕಿದರು. ರೋಹಿತ ಅವರಿಗೆ ಮೊಬೈಲಿನಲ್ಲಿ ಎಐ ಎಂಬ ಯಂತ್ರದ ಬುದ್ಧಿಯನ್ನು ಕೇಳಿ ತಂದ ಉತ್ತರವನ್ನು ಅಂಟಿಸಿದ. ಇಂಥ ಬೆಳಕಿನ ಪರದೆಗಳು ಅತ್ಯಂತ ಸುರಕ್ಷಿತ ಎಂದು ಅದರಲ್ಲಿತ್ತು. ಮಾಧುರಿಬಾಯಿ ಕೈ ಮುಗಿದ ಚಿತ್ರ ಹಾಕಿ ಸುಮ್ಮನಾದರು.

“ಕುಡಿದು ಕೈ ಹಾಕಿರ್ತಾನ. ಈಗ ಬೆಳಕಿನ ಮ್ಯಾಲೆ ಹಾಕತಾರ” ಎಂದು ಯಾರೋ ಹೆಸರಿಲ್ಲದ ನಂಬರಿನವರು ಬರೆದರು.

ಅಂಬಾರಾಯ ಅದಕ್ಕೆ ಉತ್ತರ ಬರೆಯಲು ಹೋಗಿ ಅಳಿಸಿದ. ಮತ್ತೆ ಬರೆದು ಅಳಿಸಿದ. ಶಿವರುದ್ರಪ್ಪನವರು ಏನಾದರೂ ಅನ್ನಲಿ ಎಂದು ಕಾದ.

ಖಡಕಿಯ ಮನೆಯಲ್ಲಿ ಶಿವರುದ್ರಪ್ಪನವರು ಎಲ್ಲವನ್ನೂ ಓದುತ್ತಿದ್ದರು. ಅಂಬಾರಾಯನ ಮೊದಲ ನಾಕು ಸಾಲು ಓದಿದಾಗಲೇ ಅವರಿಗೆ ಅದು ಖರೆ ಎಂದು ತಿಳಿದಿತ್ತು. ಹೊಳೆಯುವ ಲೋಹ ಬೆಳಕನ್ನು ತಿರುಗಿಸುತ್ತದೆ ಎಂದು ತಿಳಿಯಲು ಮೂವತ್ತನಾಕು ವರ್ಷ ಬೇಕಿಲ್ಲ. ಬೆರಳು ಅಕ್ಷರದ ಮೇಲೆ ಹೋಯಿತು. ಮೇಲೆ ಅಂಬಾರಾಯನ ಹೆಸರಿತ್ತು. ಬೆರಳು ನಿಂತಿತು. ಸಂಜೆಗೆ ಅವರು ಬರೆದದ್ದು ಇಷ್ಟು:

“ಚಾವಡಿಯ ನಿಯಮ ಎಲ್ಲರಿಗೂ ಒಂದೇ. ಆಧಾರವಿಲ್ಲದೆ ಕಂಪನಿಯೊಂದರ ಮೇಲೆ ಆರೋಪ ಮಾಡುವುದು ಗಂಭೀರ ವಿಷಯ. ಇಂಥ ಬರಹಕ್ಕೆ ಗುಂಪಿನ ಹಿರಿಯನೇ ಜೈಲಿಗೆ ಹೋಗಬೇಕೆಂದು ಹೊಸ ಕಾಯ್ದೆ ಬರುತ್ತಿದೆಯಂತೆ. ಶ್ರೀ ಅಂಬಾರಾಯರು ಆಧಾರ ಕೊಡಲಿ, ಇಲ್ಲವೇ ರೂಢಿಯಂತೆ ನಡೆಯಲಿ.”

ಆ ಕಾಯ್ದೆಯ ಮಾತಿಗೆ ಆಧಾರ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಗುಂಪಿನವರು ಎಲೆಯ ಚಿತ್ರಗಳನ್ನು ಹಾಕಿ ಹಾಕಿ ಅಂಬಾರಾಯನಿಗೆ ನೆನಪು ಮಾಡಿಕೊಟ್ಟರು.

ಆಯಿತವಾರ ಅಂಬಾರಾಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಖಡಕಿಗೆ ಹೋದ. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಸಾವಂತ್ರವ್ವ ಬಾಗಿಲು ತೆಗೆದಳು.

“ಯಾರು ಬೇಕಾಗಿತ್ರಿ?”

“ಸರ್ ಅದಾರೇನ್ರಿ ಅವ್ವಾರ? ನಾ ಚಾವಡಿಯ ಅಂಬಾರಾಯ.”

ಶಿವರುದ್ರಪ್ಪನವರು ಒಳಗಿನಿಂದ ಬಂದು, ಕನ್ನಡಕದ ಮೇಲಿಂದ ನೋಡಿ, ಕೂಡು ಎಂದು ಕುರ್ಚಿ ತೋರಿಸಿದರು. ಅಂಬಾರಾಯ ಅರ್ಧ ಕುರ್ಚಿಯಲ್ಲಿ ಕೂತ. ಚಹಾ ಬಂತು. ಊರು ಯಾವುದು, ಮಕ್ಕಳೆಷ್ಟು ಎಂದೆಲ್ಲ ಆದ ಮೇಲೆ ಅವನು, “ಆಧಾರ ಅಂದ್ರಲ್ರಿ ಸರ್, ತಂದೀನಿ” ಎಂದು ಚೀಲದಿಂದ ಹಳೇ ದಿನಪತ್ರಿಕೆ ತೆಗೆದು ಬಿಗಿಯಾಗಿ ಕೊಳವೆ ಮಾಡಿದ. ಟೀವಿಯ ರಿಮೋಟನ್ನು ಕೇಳಿ ತೆಗೆದುಕೊಂಡು ಕೊಳವೆಯೊಳಗೆ ಇಟ್ಟ. ಕೊಳವೆಯ ಬಾಯನ್ನು ಟೀವಿಗೆ ಹಿಡಿಯದೆ ಅಡಿಗೆಮನೆಯ ಕಡೆಗೆ ಹಿಡಿದು ಗುಂಡಿ ಒತ್ತಿದ. ಟೀವಿ ಹತ್ತಲಿಲ್ಲ.

“ಈಗ ಒಂದು ಸ್ಟೀಲಿನ ತಾಟು ತರ್ರಿ ಅವ್ವಾರ.”

ಸಾವಂತ್ರವ್ವ ತಾಟು ತಂದಳು. ಹೀಗೆ ಹಿಡೀರಿ, ಇನ್ನಷ್ಟು ವಾರೆ ಎಂದು ಅವಳ ಕೈಯಲ್ಲೇ ಹಿಡಿಸಿ, ಕೊಳವೆಯನ್ನು ಮೊದಲಿನ ಜಾಗದಲ್ಲೇ ಇಟ್ಟು ಗುಂಡಿ ಒತ್ತಿದ. ಟೀವಿ ಹತ್ತಿತು. ಯಾರೋ ಹೆಂಗಸು ಬದನೆಕಾಯಿ ಹೆಚ್ಚುತ್ತಿದ್ದಳು.

“ಅಯ್ಯ, ಹತ್ತಿತಲ್ಲ” ಎಂದಳು ಸಾವಂತ್ರವ್ವ. “ಇನ್ನೊಮ್ಮೆ ಮಾಡು ತಮ್ಮಾ.”

ಟೀವಿ ಆರಿಸಿ ಇನ್ನೊಮ್ಮೆ ಮಾಡಿದ. ತಾಟು ತೆಗೆದರೆ ಹತ್ತದು, ಹಿಡಿದರೆ ಹತ್ತುವುದು. “ಇಷ್ಟೇ ನೋಡ್ರಿ ಸರ್. ರಿಮೋಟ್ ಅಂದ್ರ ಆ ಕಂಬ, ಟೀವಿ ಅಂದ್ರ ಈ ಕಂಬ. ತಾಟಿನ ಜಾಗದಾಗ ನಮ್ಮ ತಗಡಿನ ಥಪ್ಪಿ. ಬೆಳಕು ತಾಟಿಗೆ ಬಡಿದು ಹೊಳ್ಳತದ. ನಡುವ ಕೈ ಇದ್ರ ಅದಕ್ಕೇನು ಗೊತ್ತು?”

ಶಿವರುದ್ರಪ್ಪನವರು ಎದ್ದು ತಾಟನ್ನು ತಾವೇ ಹಿಡಿದು ನೋಡಿದರು. ಮಗ್ಗುಲು ಬದಲಿಸಿ ನೋಡಿದರು. ತಪಾಸಣೆಯ ಮನುಷ್ಯನಿಗೆ ಒಂದು ಗಳಿಗೆ ಖುಷಿಯೇ ಆಯಿತು. ಛಲೋ ಮಾಡೀ ಎನ್ನುವ ಮಾತು ನಾಲಿಗೆಗೆ ಬಂದಿತ್ತು. ಕುರ್ಚಿಗೆ ಮರಳಿ ಕೂತ ಮೇಲೆ ಆ ಮಾತು ಒಳಗೆ ಹೋಯಿತು.

“ಚಾವಡಿಯೊಳಗ ಮುನ್ನೂರು ಮಂದಿ ಕುಂತಾರ” ಎಂದರು. “ಅವರೆಲ್ಲ ತಪ್ಪು, ನೀನೊಬ್ಬ ಖರೆ ಅಂತ ನಾ ಹೆಂಗ ಹೇಳ್ಲಿ? ಮೊದಲ ಅಲ್ಲಿ ಮಾತು ಮುಗಸು. ರೂಢಿ ಐತಿ, ರೂಢಿ ಪ್ರಕಾರ ಮಾಡು. ಆಮ್ಯಾಲೆ ನೋಡೂಣ.”

“ಎಲಿ ಅಡಿಕಿ ಹಾಕ್ಲೇನ್ರಿ ಸರ್?”

“ನಾ ಹಾಕಂತ ಅನ್ನಂಗಿಲ್ಲ. ಎಲ್ಲಾರೂ ಹಾಕ್ಯಾರ. ನಾನೂ ಹಾಕೀನಿ.”

“ಹಾಕಿದ್ರ ಪತ್ರ ಬರೀತೀರಿ?”

“ನೋಡೂಣ ಅಂದ್ನೆಲ್ಲ.”

ಅಂಬಾರಾಯ ಹೊರಗೆ ಬಂದಾಗ ಅವನ ಎದೆ ಹಗುರವಾಗಿತ್ತು. ಅವನ ಊರಲ್ಲೂ ಎಲೆ ಅಡಿಕೆಯ ರೂಢಿ ಇತ್ತು, ಆದರೆ ಅಲ್ಲಿ ಅದರ ನಡೆ ಬೇರೆ. ಅಲ್ಲಿ ತಪ್ಪು ಮಾಡಿದವನೇ ಎಲೆ ಕೊಡಬೇಕೆಂದಿಲ್ಲ. ಬದುವಿಗೋ ನೀರಿಗೋ ಜಗಳ ಬಿದ್ದಾಗ ಖರೆ ಇದ್ದವನೇ ಮುಂದಾಗಿ ಕಟ್ಟೆಗೆ ಹೋಗಿ, ನನ್ನದೇ ತಪ್ಪಾಯಿತ್ರಪ್ಪ ಎಂದು ಹಿರಿಯನ ಕೈಗೆ ಎಲೆ ಇಡುತ್ತಿದ್ದ. ಅದು ಸೋತೆ ಎಂದಲ್ಲ, ನಿಮ್ಮ ಉಡಿಯಲ್ಲಿ ಬಿದ್ದೆ ಎಂದು. ಎಲೆ ಹಿಡಿದ ಹಿರಿಯ ಕೈ ಬಿಡುವ ಹಾಗಿಲ್ಲ. ಅವನ ಮಾತನ್ನು ತನ್ನ ಮಾತೆಂದು ಎದ್ದು ಆಡಬೇಕು. ಅಂಬಾರಾಯನ ಅಪ್ಪ ಒಮ್ಮೆ ಹಾಗೆ ಎಲೆ ಕೊಟ್ಟೇ ಹೋದ ಬದುವನ್ನು ಮರಳಿ ಪಡೆದಿದ್ದ. ಶಿವರುದ್ರಪ್ಪನವರು ರೂಢಿ ಎಂದಾಗ ಅಂಬಾರಾಯ ತನ್ನ ಊರಿನ ರೂಢಿಯನ್ನು ತಿಳಿದ.

ಮನೆಗೆ ಬಂದು ಮಾನಮ್ಮನಿಗೆ ಹೇಳಿದ. ಅವಳೂ ಅದೇ ಕಡೆಯವಳು. “ಹಿರೇರು ಎಲಿ ಹಿಡೀತೀನಿ ಅಂದ್ರ ಆಯ್ತಲ್ಲ. ಲಗೂ ಬರೀ” ಎಂದಳು. ಬಾಬು ಹಾಸಿಗೆಯಲ್ಲಿ, ಬಟ್ಟೆ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ. “ಮಾಮಾ, ಬರೇ ತಪ್ಪಾಯ್ತು ಅಂತ ಬರೀತಿ? ಏನು ತಪ್ಪಾಯ್ತು ಅಂತ ಕೇಳಿದ್ರ?” ಎಂದ.

“ಅರ್ಧ ಕೊಟ್ರ ಅದು ಎಲಿ ಅಲ್ಲೋ. ಪೂರಾ ಕೊಡಬೇಕು.”

ಪೂರಾ ಕೊಟ್ಟ. ಚಾವಡಿಗೆ ಬರೆದ: “ಹನ್ನೊಂದನೇ ನಂಬರ್ ಪ್ರೆಸ್ಸಿನ ಬಗ್ಗೆ ನಾನು ಬರೆದದ್ದು ತಪ್ಪು. ಯಂತ್ರದ ಕಣ್ಣಿನಲ್ಲಿ ದೋಷವಿಲ್ಲ. ತಪ್ಪು ನಮ್ಮ ಕಡೆಯದು. ಹಿರಿಯರು ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.” ಕೆಳಗೆ ಎಲೆ ಅಡಿಕೆಯ ಚಿತ್ರ. ಚಿತ್ರ ಹುಡುಕಲು ಅವನು ಹತ್ತು ನಿಮಿಷ ತೆಗೆದುಕೊಂಡ. ಎಲೆ ಹಸಿರಾಗಿರುವುದನ್ನೇ ಆರಿಸಿದ.

ಚಪ್ಪಾಳೆಗಳು ಬಂದವು. ರೋಹಿತ, “ದಟ್ಸ್ ದ ಸ್ಪಿರಿಟ್ ಸರ್, ನೋ ಹಾರ್ಡ್ ಫೀಲಿಂಗ್ಸ್” ಎಂದ. ಬಟ್ಟೆ ವ್ಯಾಪಾರಿ, “ಸುಣ್ಣ ಮರೆತೀರಿ” ಎಂದ. ಶಿವರುದ್ರಪ್ಪನವರು ಒಂದು ಹೆಬ್ಬೆರಳು ಎತ್ತಿದರು. ಅದನ್ನು ನೋಡಿ ಅಂಬಾರಾಯ ಮಾನಮ್ಮನಿಗೆ ಫೋನು ತೋರಿಸಿದ. “ಹಿಡಿದ್ರು” ಎಂದ. ಆಮೇಲೆ ಗುಂಪು ಮಂಗಳ ಗ್ರಹದ ಕಲ್ಲಿನ ಕಡೆಗೆ ಹೋಯಿತು.

ಸೋಮವಾರ ಪತ್ರ ಬರಲಿಲ್ಲ. ಹಿರಿಯರು, ಕೂತು ಬರೆಯಬೇಕಲ್ಲ ಎಂದುಕೊಂಡ. ಮಂಗಳವಾರ ಹೋಯಿತು. ಬುಧವಾರ ಒಂದು ನಮಸ್ಕಾರ ಕಳಿಸಿದ, ಎರಡು ಗೆರೆ ನೀಲಿಯಾದವು, ಉತ್ತರವಿಲ್ಲ. ಗುರುವಾರ ಬಿಡುವಿನಲ್ಲಿ ರೊಟ್ಟಿ ಬಿಚ್ಚದೆ ಫೋನ್ ಹಚ್ಚಿದ.

“ಸರ್, ನಾಳಿ ವಿಚಾರಣಿ ಅದರಿ.”

“ಗೊತ್ತೈತಿ.”

“ಪತ್ರ ನಾ ಬಂದು ಒಯ್ಯಲೇನ್ರಿ, ಫೋಟೋ ತೆಗೆದು ಹಾಕಿದ್ರೂ ನಡೀತದ.”

“ಎಂಥಾ ಪತ್ರ?”

“ಎಲಿ ಹಾಕೀನಲ್ರಿ ಸರ್. ಆಮ್ಯಾಲೆ ನೋಡೂಣ ಅಂದಿದ್ರಿ.”

“ನೋಡೂಣ ಅಂದಿದ್ದೆ. ನೋಡಿದೆ.” ಶಿವರುದ್ರಪ್ಪನವರ ದನಿ ಏರಲಿಲ್ಲ. “ನೀನ ಬರದೀ, ಯಂತ್ರದಾಗ ದೋಷ ಇಲ್ಲ ಅಂತ. ಈಗ ನಾ ದೋಷ ಐತಿ ಅಂತ ಸಹಿ ಹಾಕಿದ್ರ ಯಾರ ಮಾತು ಖರೆ ಆತು? ನಾಳೆ ಮಂದಿ ನನಗ ಎಲಿ ಅಡಿಕಿ ಕೇಳತಾರ. ಒಮ್ಮೆ ಹಾಕೀನಿ. ಸಾಕು.”

“ಸರ್, ನಿಮ್ಮ ಮನಿಯಾಗ ತಾಟು ಹಿಡಿದು ನೀವ ನೋಡೀರಿ.”

“ತಾಟು ಬ್ಯಾರೆ, ಪ್ರೆಸ್ಸು ಬ್ಯಾರೆ” ಎಂದು ಅವರು ಫೋನಿಟ್ಟರು. ಸಾವಂತ್ರವ್ವ ಅಡಿಗೆಮನೆಯಿಂದ, “ಆ ಹುಡುಗಂದೇನು? ಪತ್ರ ಬರದು ಕೊಟ್ರಿ?” ಎಂದು ಕೇಳಿದಳು. “ನೀ ಒಲಿ ಕಡೆ ನೋಡು” ಎಂದರು.

ವಿಚಾರಣೆಯ ಕೋಣೆಯಲ್ಲಿ ಎಸಿ ಜೋರಾಗಿತ್ತು. ಮೇಜಿನ ಆಚೆ ಅಪ್ಪಾಸಾಹೇಬರು ಮತ್ತು ಉತ್ಪಾದನೆಯ ಮ್ಯಾನೇಜರು. ಈಚೆ ಬಾಬು, ಅವನ ಕಡೆಯ ಸಾಕ್ಷಿಯಾಗಿ ಅಂಬಾರಾಯ. ಪತ್ರ ತಂದಿಯೇನು ಎಂದು ಅಪ್ಪಾಸಾಹೇಬರು ಮರಾಠಿಯಲ್ಲಿ ಕೇಳಿದರು. ಇಲ್ಲ ಎಂದು, ಅಂಬಾರಾಯ ಥಪ್ಪಿಯ ವಿಷಯವನ್ನು ಮೊದಲಿನಿಂದ ಹೇಳತೊಡಗಿದ. ಅಪ್ಪಾಸಾಹೇಬರು ಕೈ ಎತ್ತಿ ನಿಲ್ಲಿಸಿದರು. ತಮ್ಮ ಮೊಬೈಲು ತೆಗೆದು, ಕನ್ನಡಕ ಸರಿಮಾಡಿಕೊಂಡು ಓದಿದರು.

“ಹನ್ನೊಂದನೇ ನಂಬರ್ ಪ್ರೆಸ್ಸಿನ ಬಗ್ಗೆ ನಾನು ಬರೆದದ್ದು ತಪ್ಪು. ಯಂತ್ರದ ಕಣ್ಣಿನಲ್ಲಿ ದೋಷವಿಲ್ಲ. ತಪ್ಪು ನಮ್ಮ ಕಡೆಯದು.”

ಸ್ವಚ್ಛ ಕನ್ನಡ. ಒಂದು ಅಕ್ಷರ ತಡವರಿಸಲಿಲ್ಲ. ಅಂಬಾರಾಯ ಅವರ ಬಾಯನ್ನೇ ನೋಡಿದ.

“ನಮ್ಮದು ಜತ್ತ ತಾಲೂಕು” ಎಂದರು ಅಪ್ಪಾಸಾಹೇಬರು, ಈಗ ಕನ್ನಡದಲ್ಲೇ. “ಮನಿಯಾಗ ಕನ್ನಡಾನೇ. ಚಾವಡಿ ನಾನೂ ಓದತೀನಿ, ಬರಿಯೂದಿಲ್ಲ. ಇದು ನೀ ಬರದದ್ದು ಹೌದೋ ಅಲ್ಲೋ?”

“ಹೌದ್ರಿ. ಆದ್ರ ಅದು ಎಲಿ ಕೊಟ್ಟದ್ದರಿ, ಒಪ್ಪಿಕೊಂಡದ್ದಲ್ರಿ.”

“ಎಲಿ ಅಂದ್ರ?”

ಅಂಬಾರಾಯ ಹೇಳಿದ. ಬದುವಿನ ಜಗಳ, ಕಟ್ಟೆ, ಹಿರಿಯನ ಉಡಿ. ಅಪ್ಪಾಸಾಹೇಬರು ಅಷ್ಟನ್ನೂ ಕೇಳಿ, ಪಕ್ಕದ ಮ್ಯಾನೇಜರಿಗೆ ಮರಾಠಿಯಲ್ಲಿ ಚುಟುಕಾಗಿ ತಿಳಿಸಿದರು. ಮ್ಯಾನೇಜರು ನಕ್ಕ. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಒಳ್ಳೆಯ ಜೋಕು ಕೇಳಿದವನ ನಗು.

“ಇಲ್ಲಿ ಸಹಿ ಮಾಡು” ಎಂದು ಅಪ್ಪಾಸಾಹೇಬರು ಕೆಲಸದಿಂದ ತೆಗೆದ ಕಾಗದವನ್ನು ಬಾಬುವಿನ ಮುಂದಿಟ್ಟರು. ಬಾಬು ಎಡಗೈಯಿಂದ ಪೆನ್ನು ಹಿಡಿದು, ಒಂದನೇ ಇಯತ್ತೆಯ ಹುಡುಗನ ಹಾಗೆ ತನ್ನ ಹೆಸರನ್ನು ಕೊರೆದ. ಅದು ಸಾಲು ಬಿಟ್ಟು ಕೆಳಗೆ ಜಾರಿತು. ಅಪ್ಪಾಸಾಹೇಬರು, ಇರಲಿ ಬಿಡು, ತಿಳೀತದ ಎಂದರು.

ಗೇಟಿನ ಹೊರಗೆ ಬಂದು ಇಬ್ಬರೂ ಲಾರಿಗಳ ಧೂಳಿನಲ್ಲಿ ನಿಂತರು. ಬಾಬು ಅಂದ: “ಊರ ತುಂಬ ಎಲಿ ಹಂಚಿದಿ ಮಾಮಾ. ನನಗೂ ಒಂದು ಕೊಡ್ತಿದ್ದಿ, ಆದ್ರ ಸುಣ್ಣ ಹಚ್ಚಲಿಕ್ಕೆ ಬೆರಳಿಲ್ಲ.”

ಅಂಬಾರಾಯ ಅವನ ಭುಜದ ಮೇಲೆ ಕೈ ಇಟ್ಟ. ಬಾಬು ಭುಜವನ್ನು ಸರಿಸಿಕೊಂಡ.

ಸೋಮವಾರ ಅಂಬಾರಾಯ ಕೆಲಸಕ್ಕೆ ಹೋದಾಗ ಹಲಗೆಯ ಮೇಲೆ ಅವನ ಹೆಸರಿನ ಮುಂದೆ ಹನ್ನೊಂದು ಎಂದು ಬರೆದಿತ್ತು. ಅವನದು ಮೂರನೇ ನಂಬರು. ಬರೆಯುವಾಗ ತಪ್ಪಿರಬೇಕೆಂದು ಲೈನಿನ ಮೇಲ್ವಿಚಾರಕ ಸ್ವಪ್ನಿಲ್‌ನ ಬಳಿ ಹೋದ.

“ತಪ್ಪಿಲ್ಲ” ಎಂದ ಸ್ವಪ್ನಿಲ್ ಮರಾಠಿಯಲ್ಲಿ. “ಬಾಬುವಿನ ಜಾಗ ಖಾಲಿ ಇದೆ. ಬೇರೆ ಯಾರೂ ಅದರ ಮೇಲೆ ಕೂಡಲು ಒಲ್ಲೆ ಎನ್ನುತ್ತಾರೆ, ಹೆದರಿಕೆಯಂತೆ. ನಿನಗೇನು ಹೆದರಿಕೆ? ದೋಷವಿಲ್ಲ ಎಂದು ನೀನೇ ಬರೆದು ಕೊಟ್ಟವನು.”

ಒಲ್ಲೆ ಎನ್ನಬಹುದಿತ್ತು. ಹಾಗಂದವರಿಗೆ ಅಪ್ಪಾಸಾಹೇಬರ ಕೋಣೆಯಲ್ಲಿ ಇನ್ನೊಂದು ಕಾಗದ ಇರುತ್ತದೆ. ಮನೆಯಲ್ಲಿ ಈಗ ದುಡಿಯುವ ಕೈ ಅವನವು ಎರಡೇ.

ಹನ್ನೊಂದನೇ ನಂಬರನ್ನು ತೊಳೆದು ಒರೆಸಿದ್ದರು. ಹೊಸ ತಗಡಿನ ಥಪ್ಪಿ ಬಂದು, ಮೊದಲಿನಂತೆಯೇ ಪ್ರೆಸ್ಸಿನ ಬಾಯಿಗೆ ಹಚ್ಚಿ ಕೂತಿತ್ತು. ಮೇಲಿನ ದೀಪ ಅದರಲ್ಲಿ ಬಿಳಿ ಮಡುವಿನಂತೆ ಬಿದ್ದಿತ್ತು. ಅಂಬಾರಾಯ ಅದನ್ನು ಎರಡು ಮಾರು ಆಚೆಗೆ ಎಳೆಯಲು ಕೈ ಹಾಕಿದ.

“ಏ, ಏನು ಮಾಡ್ತಿ? ಅಲ್ಲೇ ಇರಲಿ” ಎಂದ ಸ್ವಪ್ನಿಲ್. “ಒಂದೊಂದು ತಗಡಿಗೆ ಅಷ್ಟು ದೂರ ಹೋಗಿ ಬಂದರೆ ಮಾಲು ಯಾವಾಗ ಮುಗಿಯೋದು?”

“ಇಷ್ಟು ಹತ್ತಿರ ಇದ್ರ ಕಣ್ಣಿಗೆ ಕೈ ಕಾಣಲ್ರಿ.”

“ಮತ್ತೆ ಅದೇ ಮಾತಾ?” ಸ್ವಪ್ನಿಲ್ ಬೇಸರದಿಂದ ಗಡಿಯಾರ ನೋಡಿದ. “ಅಪ್ಪಾಸಾಹೇಬರನ್ನು ಕರೀಲಾ?”

ಅಂಬಾರಾಯ ಥಪ್ಪಿಯಿಂದ ಕೈ ತೆಗೆದ. ಸ್ಟೂಲಿನ ಮೇಲೆ ಕೂತ. ಸ್ಟೂಲು ಬಾಬುವಿನ ಎತ್ತರಕ್ಕೆ ಏರಿಸಿದ್ದು, ಅವನ ಕಾಲು ನೆಲಕ್ಕೆ ಸರಿಯಾಗಿ ಊರಲಿಲ್ಲ. ಮೊದಲ ತಗಡನ್ನು ಎತ್ತಿಕೊಂಡು ಅಚ್ಚಿನ ಮೇಲೆ ಕೂಡಿಸಿದ. ಕೈ ಹಿಂದೆ ತೆಗೆದ. ಒನಕೆ ಬಿತ್ತು. ನೆಲ ನಡುಗಿದ್ದು ಹಲ್ಲಿಗೆ ತಾಗಿತು.

ಸ್ವಪ್ನಿಲ್ ಇನ್ನೂ ಹಿಂದೆ ನಿಂತಿದ್ದ. “ಸಾವಕಾಶ ಆಯಿತು. ಬಾಬು ಇದಕ್ಕಿಂತ ಬೇಗ ಮಾಡುತ್ತಿದ್ದ” ಎಂದ.

ಅಂಬಾರಾಯ ಎರಡನೆಯ ತಗಡಿಗೆ ಬಾಗಿದ. ತಗಡಿನ ಮೇಲೆ ಅವನ ಮುಖ ಕಂಡಿತು. ಅದನ್ನು ಎತ್ತಿ ಒಳಗೆ ಕೈ ಹಾಕಿದ.